ಬಿಲ್ಡ್ ಮಾಡುವಾಗಲೇ ಫೋಟೋ ಕುಗ್ಗಿಸುವುದು: ಕೊಡಗಿನ ವೆಬ್‌ಸೈಟ್ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೋಂಸ್ಟೇ, ಕಾಫಿ ತೋಟ, ಐನ್‌ಮನೆ, ಕೌಟುಂಬಿಕ ಹಾಕಿ ಪಂದ್ಯಾವಳಿ ಇಂಥವಕ್ಕೆ ವೆಬ್‌ಸೈಟ್ ಮಾಡಿಕೊಡುವವರಿಗಾಗಿ ಈ ಪುಟ. ನೋಡ್, ಗಿಟ್ ಎರಡನ್ನೂ ಬಳಸಿ ರೂಢಿಯಿದೆ ಎಂದುಕೊಂಡು ಬರೆದಿದೆ. ಬಿಲ್ಡ್ ಎಂದರೆ ನೀವು ಬರೆದ ಕೋಡ್, ಫೋಟೋಗಳಿಂದ ಸರ್ವರ್‌ಗೆ ಏರಿಸಲು ಸಿದ್ಧವಾದ ಸೈಟ್ ತಯಾರಿಸುವ ಹಂತ.

ಸಿಎಸ್‌ಎಸ್‌ನಲ್ಲಿ ಅಗಲ ಕೊಟ್ಟರೆ ಫೋಟೋ ಸಣ್ಣದಾಗಿ ಕಾಣುತ್ತದಲ್ಲ, ಮತ್ತೇಕೆ ಕುಗ್ಗಿಸಬೇಕು?

ಕಾಣುವುದು ಸಣ್ಣದು, ಡೌನ್‌ಲೋಡ್ ಆಗುವುದು ಇಡೀ ಫೈಲು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000×4000 ಪಿಕ್ಸೆಲ್ ಇರುತ್ತದೆ. ಜೆಪೆಗ್ ಆಗಿ 8ರಿಂದ 12 ಎಂಬಿ ತೂಗುವುದು ಮಾಮೂಲು. ಬ್ರೌಸರ್ ಅದನ್ನು ಬಿಡಿಸಿ ಮೆಮೊರಿಯಲ್ಲಿ ಇಟ್ಟುಕೊಂಡರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 96 ಎಂಬಿ. ಸಂಪಾಜೆ ಘಾಟಿಯಲ್ಲಿ ಬಸ್ಸಲ್ಲಿ ಕೂತು, ಬಂದು ಹೋಗುವ ಸಿಗ್ನಲ್‌ನಲ್ಲಿ ರೂಮು ಹುಡುಕುವವರು ಇಂಥ ಆರು ಫೋಟೋ ಇಳಿಯುವ ತನಕ ಕಾಯುವುದಿಲ್ಲ. ಅದೇ ಫೋಟೋವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಮಾಡಿದರೆ ಹೆಚ್ಚಾಗಿ 100ರಿಂದ 250 ಕೆಬಿ ಒಳಗೆ ಮುಗಿಯುತ್ತದೆ.

ಫೋಟೋಶಾಪ್‌ನಲ್ಲಿ ಕೈಯಾರೆ ಮಾಡಿ ಹಾಕಿದರೆ ಏನು ತೊಂದರೆ?

ಹತ್ತು ಫೋಟೋಗೆ ಏನೂ ತೊಂದರೆ ಇಲ್ಲ. ಆದರೆ 60 ಫೋಟೋ, 4 ಅಗಲ, 2 ಫಾರ್ಮ್ಯಾಟ್ ಎಂದರೆ 480 ಫೈಲು. ವಿನ್ಯಾಸ ಬದಲಾಗಿ ಅಂಕಣದ ಅಗಲ 720ರಿಂದ 860 ಪಿಕ್ಸೆಲ್ ಆದರೆ 480ನ್ನೂ ಮತ್ತೆ ಮಾಡಬೇಕು. ಬಿಲ್ಡ್‌ಗೆ ಬಿಟ್ಟರೆ ಕಾನ್ಫಿಗ್‌ನಲ್ಲಿ ಒಂದು ಅಂಕಿ ತಿದ್ದಿದರೆ ಆಯಿತು. ನಿಯಮ ಒಂದೇ: ಮೂಲ ಫೋಟೋ ಮುಟ್ಟಬಾರದು, ಹುಟ್ಟಿದ ಫೋಟೋ ಕೈಯಲ್ಲಿ ತಿದ್ದಬಾರದು. ಮೂಲ ಒಂದು ಫೋಲ್ಡರ್‌ನಲ್ಲಿ, ಔಟ್‌ಪುಟ್ ಇನ್ನೊಂದರಲ್ಲಿ. ಔಟ್‌ಪುಟ್ ಫೋಲ್ಡರ್ ಹೆಸರು ಗಿಟ್‌ಇಗ್ನೋರ್‌ನಲ್ಲಿ. ಇಮೇಜ್‌ಮ್ಯಾಜಿಕ್‌ನ ಮಾಗ್ರಿಫೈ ಕಮಾಂಡ್ ಬಳಸುವವರು ಇಲ್ಲೇ ಎಡವುತ್ತಾರೆ. ಬೇರೆ ಫೋಲ್ಡರ್ ಹೇಳದಿದ್ದರೆ ಅದು ಮೂಲದ ಮೇಲೆಯೇ ಬರೆದುಬಿಡುತ್ತದೆ.

ಯಾವ ಉಪಕರಣ ಬಳಸಬೇಕು?

ನೀವು ಈಗಾಗಲೇ ಬಳಸುತ್ತಿರುವ ಸೈಟ್ ಜನರೇಟರ್‌ನಲ್ಲಿ ಏನಿದೆಯೋ ಅದು. ಫೋಟೋ ಕುಗ್ಗಿಸಲೆಂದೇ ಜನರೇಟರ್ ಬದಲಿಸುವುದು ದಂಡ.

ಆಸ್ಟ್ರೋ: ಇಮೇಜ್ ಕಾಂಪೊನೆಂಟ್ ಜೊತೆಗೇ ಬರುತ್ತದೆ, ಒಳಗೆ ಕೆಲಸ ಮಾಡುವುದು ನೋಡ್‌ನಲ್ಲಿ ಫೋಟೋ ಕುಗ್ಗಿಸುವ ಶಾರ್ಪ್ ಲೈಬ್ರರಿ. ಫೋಟೋ 'ಎಸ್‌ಆರ್‌ಸಿ' ಫೋಲ್ಡರ್‌ನಲ್ಲಿ ಇರಬೇಕು. 'ಪಬ್ಲಿಕ್' ಫೋಲ್ಡರ್‌ಗೆ ಹಾಕಿದರೆ ಇದ್ದ ಹಾಗೇ ನಕಲಾಗುತ್ತದೆ.

ಹ್ಯೂಗೊ: ಫೋಟೋ ಪುಟದ ಫೋಲ್ಡರ್‌ನಲ್ಲೇ ಅಥವಾ 'ಅಸೆಟ್ಸ್'ನಲ್ಲಿ ಇರಬೇಕು, 'ಸ್ಟ್ಯಾಟಿಕ್'ನಲ್ಲಿ ಅಲ್ಲ. ಟೆಂಪ್ಲೇಟ್‌ನಲ್ಲಿ ರೀಸೈಜ್, ಫಿಟ್, ಫಿಲ್ ಎಂಬ ಮೆಥಡ್‌ಗಳಿವೆ.

ಇಲೆವೆಂಟಿ: ಅದರದೇ ಇಮೇಜ್ ಪ್ಲಗಿನ್ ಇದೆ. ಅಗಲ ಮತ್ತು ಫಾರ್ಮ್ಯಾಟ್ ಪಟ್ಟಿ ಕೊಟ್ಟರೆ ಟ್ಯಾಗ್ ಸಮೇತ ಬರೆದುಕೊಡುತ್ತದೆ.

ವೀಟ್: ಇಮೇಜ್‌ಟೂಲ್ಸ್ ಎಂಬ ಪ್ಲಗಿನ್ ಹಾಕಿಕೊಂಡರೆ, ಇಂಪೋರ್ಟ್ ಸಾಲಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಅಗಲ ಬರೆಯಬಹುದು.

ನೆಕ್ಸ್ಟ್ ಜೆಎಸ್‌ನದು ಬೇರೆ ದಾರಿ. ಅದರ ಇಮೇಜ್ ಕಾಂಪೊನೆಂಟ್ ಬಿಲ್ಡ್‌ನಲ್ಲಿ ಅಲ್ಲ, ಸಂದರ್ಶಕರು ಕೇಳಿದಾಗ ಸರ್ವರ್‌ನಲ್ಲಿ ಕುಗ್ಗಿಸುತ್ತದೆ. ಸ್ಟ್ಯಾಟಿಕ್ ಎಕ್ಸ್‌ಪೋರ್ಟ್ ಮಾಡಿದರೆ ಆ ಸರ್ವರೇ ಇರುವುದಿಲ್ಲ. ಬೇರೆ ಲೋಡರ್ ಕೊಡಬೇಕು ಅಥವಾ ಮೊದಲೇ ಕುಗ್ಗಿಸಿಟ್ಟುಕೊಳ್ಳಬೇಕು.

ಇವು ಯಾವುವೂ ಇಲ್ಲದೆ ಬರೀ ಎಚ್‌ಟಿಎಂಎಲ್ ಬರೆಯುವವರು ಎನ್‌ಪಿಎಂನಿಂದ ಶಾರ್ಪ್ ಹಾಕಿಕೊಂಡು 40 ಸಾಲಿನ ಒಂದು ಸ್ಕ್ರಿಪ್ಟ್ ಬರೆದರೆ ಸಾಕು. ಪ್ಯಾಕೇಜ್ ಜೇಸನ್‌ನ ಸ್ಕ್ರಿಪ್ಟ್ಸ್ ಭಾಗದಲ್ಲಿ ಅದನ್ನು 'ಪ್ರೀಬಿಲ್ಡ್' ಎಂದು ಹೆಸರಿಸಿ. ಪ್ರತಿ ಬಿಲ್ಡ್‌ಗೂ ಮುಂಚೆ ತಾನಾಗಿ ಓಡುತ್ತದೆ.

ಎಷ್ಟೆಷ್ಟು ಅಗಲ ಮಾಡಬೇಕು?

ಅಂದಾಜಿನಲ್ಲಿ ಅಲ್ಲ, ನಿಮ್ಮ ಪುಟದ ವಿನ್ಯಾಸ ನೋಡಿ ಲೆಕ್ಕ ಹಾಕಿ. ಫೋನಿನ ಪರದೆ ಸಿಎಸ್‌ಎಸ್ ಲೆಕ್ಕದಲ್ಲಿ 360ರಿಂದ 412 ಪಿಕ್ಸೆಲ್ ಅಗಲ, ಸಾಂದ್ರತೆ 2 ಅಥವಾ 3 ಪಟ್ಟು. 390×3 ಅಂದರೆ 1170; ಹೀಗಾಗಿ 1200ರದ್ದು ಒಂದು ಬೇಕೇ ಬೇಕು. ಲ್ಯಾಪ್‌ಟಾಪ್‌ನಲ್ಲಿ ಅಂಕಣ 720 ಇದ್ದು ಸಾಂದ್ರತೆ 2 ಆದರೆ 1440. ಗ್ಯಾಲರಿಯ ಚಿಕ್ಕ ಚೌಕಕ್ಕೆ 480 ಸಾಕು. ಬಹುಪಾಲು ಹೋಂಸ್ಟೇ ಸೈಟಿಗೆ 480, 800, 1200, 1600 ಈ ನಾಲ್ಕು ಸಾಕಾಗುತ್ತವೆ; ಪುಟದ ತಲೆಯ ಮೇಲಿನ ಪೂರ್ತಿ ಅಗಲದ ಫೋಟೋಗೆ ಮಾತ್ರ 2000 ಸೇರಿಸಿ. 100 ಪಿಕ್ಸೆಲ್‌ಗೊಂದರಂತೆ ಹದಿನೈದು ಅಗಲ ಮಾಡಿದರೆ ಸಂದರ್ಶಕರಿಗೆ ಸಿಗುವ ಲಾಭ ಅಷ್ಟಕ್ಕಷ್ಟೆ, ಬಿಲ್ಡ್ ಮಾತ್ರ ತೆವಳುತ್ತದೆ.

ನಾಲ್ಕು ಅಗಲ ಮಾಡಿದೆ. ಆದರೂ ಫೋನ್ 1600ರದ್ದನ್ನೇ ಇಳಿಸುತ್ತಿದೆ, ಯಾಕೆ?

ಇಮೇಜ್ ಟ್ಯಾಗ್‌ನಲ್ಲಿ ಸೈಜಸ್ ಗುಣ (ಫೋಟೋಗೆ ಸಿಗುವ ಜಾಗ ಹೇಳುವುದು) ಬರೆದಿಲ್ಲ, ಅಥವಾ ತಪ್ಪು ಬರೆದಿದ್ದೀರಿ. ಎಸ್‌ಆರ್‌ಸಿ‌ಸೆಟ್ ಪಟ್ಟಿಯಲ್ಲಿ ಇರುವ ಫೈಲುಗಳ ಅಗಲ ಬ್ರೌಸರಿಗೆ ಗೊತ್ತಾಗುತ್ತದೆ, ಪುಟದಲ್ಲಿ ಫೋಟೋಗೆ ಎಷ್ಟು ಜಾಗ ಸಿಗುತ್ತದೆ ಎಂಬುದು ಗೊತ್ತಾಗುವುದಿಲ್ಲ. ಸಿಎಸ್‌ಎಸ್ ಓದಿ ಮುಗಿಸುವ ಮೊದಲೇ ಅದು ಫೈಲು ಆರಿಸಬೇಕು. ನೀವು ಹೇಳದಿದ್ದರೆ ಪರದೆಯ ಪೂರ್ತಿ ಅಗಲ ಅಂದುಕೊಳ್ಳುತ್ತದೆ. ಫೋನಿನಲ್ಲಿ ಎರಡು ಅಂಕಣವಾಗಿ ಕೂರುವ ಗ್ಯಾಲರಿಗೆ 50 ವಿಡಬ್ಲ್ಯು (ಪರದೆಯ ಅಗಲದ ಶೇಕಡಾ 50), 900 ಪಿಕ್ಸೆಲ್‌ಗಿಂತ ಅಗಲದ ಪರದೆಯಲ್ಲಿ ಮೂರು ಅಂಕಣವಾದರೆ 33 ವಿಡಬ್ಲ್ಯು ಎಂದು ಬರೆಯಿರಿ. ಮೀಡಿಯಾ ಷರತ್ತು ಇರುವುದು ಮೊದಲು, ಷರತ್ತಿಲ್ಲದ ಅಳತೆ ಕೊನೆಗೆ.

ಪರೀಕ್ಷಿಸುವಾಗ ಕ್ರೋಮ್‌ನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಭಾಗದಲ್ಲಿ 'ಡಿಸೇಬಲ್ ಕ್ಯಾಶ್' ಗುರುತು ಹಾಕಿ. ದೊಡ್ಡ ಫೈಲು ಮೊದಲೇ ಕ್ಯಾಶ್‌ನಲ್ಲಿ ಇದ್ದರೆ ಕ್ರೋಮ್ ಅದನ್ನೇ ತೋರಿಸುತ್ತದೆ. ಕೋಡ್ ಸರಿ ಇದ್ದರೂ ತಪ್ಪಿದೆ ಎಂದು ತಲೆ ಕೆಡಿಸಿಕೊಳ್ಳುತ್ತೀರಿ.

ಅತಿಥಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಹಾಕಬಹುದೇ?

ಹಾಕಬಹುದು, ಆದರೆ ಫೋಟೋ ಆಗಿ ಕಳಿಸಿದ್ದನ್ನು ವಾಟ್ಸಾಪ್ ಆಗಲೇ ಕುಗ್ಗಿಸಿ ಒತ್ತಿರುತ್ತದೆ (ಕಂಪ್ರೆಸ್ ಮಾಡಿರುತ್ತದೆ). ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸು ಇರುತ್ತದೆ. ನಿಲುವಾಗಿ ತೆಗೆದದ್ದಾದರೆ ಅಗಲ 1200 ಅಷ್ಟೇ. 'ಡಾಕ್ಯುಮೆಂಟ್' ಆಗಿ ಕಳಿಸಿ ಎಂದು ಕೇಳಿ, ಆಗ ಮೂಲ ಫೈಲೇ ಬರುತ್ತದೆ.

ಚಿಕ್ಕ ಫೋಟೋ ಇದ್ದಾಗ ಇನ್ನೊಂದು ಸೂಕ್ಷ್ಮ ಇದೆ. ಶಾರ್ಪ್‌ನಲ್ಲಿ 'ವಿದೌಟ್ ಎನ್‌ಲಾರ್ಜ್‌ಮೆಂಟ್' ಆಯ್ಕೆ ಕೊಡದಿದ್ದರೆ 1200ರ ಫೋಟೋವನ್ನು 1600ಕ್ಕೆ ಎಳೆದು ಮಸುಕು ಮಾಡುತ್ತದೆ. ಕೊಟ್ಟರೆ ಎಳೆಯುವುದಿಲ್ಲ, ಆದರೆ ಫೈಲಿನ ಹೆಸರು ಮತ್ತು ಎಸ್‌ಆರ್‌ಸಿ‌ಸೆಟ್‌ನಲ್ಲಿ 1600 ಎಂದೇ ಉಳಿದು ಒಳಗಿರುವುದು 1200 ಆಗಿರುತ್ತದೆ. ಸುಳ್ಳು ಅಗಲ ನಂಬಿ ಬ್ರೌಸರ್ ಲೆಕ್ಕ ತಪ್ಪುತ್ತದೆ. ಫೈಲು ಬರೆದ ಮೇಲೆ ಶಾರ್ಪ್ ಹಿಂದಿರುಗಿಸುವ ಮಾಹಿತಿಯಲ್ಲಿ ನಿಜವಾದ ಅಗಲ ಇರುತ್ತದೆ, ಅದನ್ನೇ ಬಳಸಿ. ಅಥವಾ ಮೂಲಕ್ಕಿಂತ ದೊಡ್ಡ ಅಗಲಗಳನ್ನು ಪಟ್ಟಿಯಿಂದ ಮೊದಲೇ ತೆಗೆದುಹಾಕಿ.

ವೆಬ್‌ಪಿ, ಎವಿಐಎಫ್, ಜೆಪೆಗ್: ಯಾವುದು?

ವೆಬ್‌ಪಿ ಮತ್ತು ಹಿಂಬದಿಗೆ ಜೆಪೆಗ್ ಇಷ್ಟರಲ್ಲಿ ಶುರು ಮಾಡಿ. ಸಫಾರಿ 2020ರಲ್ಲಿ 14ನೇ ಆವೃತ್ತಿಯಿಂದ ವೆಬ್‌ಪಿ ತೋರಿಸುತ್ತಿದೆ. ಎವಿಐಎಫ್ ಇನ್ನೂ ಸಣ್ಣದಾಗುತ್ತದೆ, ಆದರೆ ಮಾಡಲು ಬಹಳ ಹೊತ್ತು ಹಿಡಿಯುತ್ತದೆ. ಕ್ರೋಮ್‌ಗೆ ಅದು ಬಂದದ್ದು 2020ರಲ್ಲಿ, ಫೈರ್‌ಫಾಕ್ಸ್‌ಗೆ 2021ರಲ್ಲಿ, ಸಫಾರಿಗೆ 2022ರಲ್ಲಿ, ಎಡ್ಜ್‌ಗೆ 2024ರಲ್ಲಿ. ಎವಿಐಎಫ್ ಸೇರಿಸಿದರೆ ಪಿಕ್ಚರ್ ಟ್ಯಾಗ್‌ನಲ್ಲಿ ಅದು ಮೊದಲು ಬರಬೇಕು. ಬ್ರೌಸರ್ ಸಣ್ಣದು ಯಾವುದೆಂದು ನೋಡುವುದಿಲ್ಲ, ತನಗೆ ಅರ್ಥವಾಗುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ, ಅಗಲ ಸರಿ ಮಾಡದೆ ಫಾರ್ಮ್ಯಾಟ್ ಬಗ್ಗೆ ವಾದ ಮಾಡುವುದು ಹೊತ್ತು ಕಳೆಯುವ ಕೆಲಸ. 6000 ಪಿಕ್ಸೆಲ್‌ನ ಎವಿಐಎಫ್‌ಗಿಂತ 1200 ಪಿಕ್ಸೆಲ್‌ನ ಜೆಪೆಗ್ ಹಗುರ.

ಗುಣಮಟ್ಟದ ಅಂಕಿ ಎಷ್ಟಿಡಬೇಕು? ಮಂಜಿನ ಫೋಟೋದಲ್ಲಿ ಪಟ್ಟೆ ಪಟ್ಟೆ ಬರುತ್ತಿದೆ.

ಶಾರ್ಪ್ ತಾನಾಗಿ ಇಡುವುದು ಜೆಪೆಗ್ 80, ವೆಬ್‌ಪಿ 80, ಎವಿಐಎಫ್ 50. ಈ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಡಿ. ಎವಿಐಎಫ್‌ನ 50 ಕಳಪೆ ಅಲ್ಲ. ವೆಬ್‌ಪಿಯನ್ನು 75ಕ್ಕೆ ಇಳಿಸಿದರೂ ಹೆಚ್ಚಿನ ಫೋಟೋಗಳಲ್ಲಿ ವ್ಯತ್ಯಾಸ ಕಾಣದು.

ಆದರೆ ಕೊಡಗಿನ ಫೋಟೋಗಳಲ್ಲಿ ಮೂರು ಬಗೆಯವು ಕಾಟ ಕೊಡುತ್ತವೆ. ಮೊದಲನೆಯದು ಮಂಜು. ಮಾಂದಲಪಟ್ಟಿಯ ಬೆಳಗಿನ ಮಂಜು, ತಡಿಯಂಡಮೋಳ್ ಮೇಲಿನ ಆಕಾಶ ಇಂಥ ಕಡೆ ಬಣ್ಣ ಬಲು ನಿಧಾನಕ್ಕೆ ಬದಲಾಗುತ್ತದೆ. ಒತ್ತುವಾಗ ಆ ನವಿರಾದ ಏರಿಳಿತ ಮೆಟ್ಟಿಲಾಗಿ ಒಡೆಯುತ್ತದೆ. ಇಂಥ ಫೋಟೋ ಹೇಗೂ ಸಣ್ಣ ಫೈಲೇ ಆಗುವುದರಿಂದ 85 ಅಥವಾ 88 ಇಟ್ಟರೂ ನಷ್ಟವಿಲ್ಲ. ಎರಡನೆಯದು ಇದಕ್ಕೆ ತದ್ವಿರುದ್ಧ: ಕಾಫಿ ಗಿಡ, ಬಿಳಲು, ಮಳೆಯಲ್ಲಿ ನೆನೆದ ಎಲೆ. ಪ್ರತಿ ಪಿಕ್ಸೆಲೂ ಬೇರೆಯಾಗಿರುವುದರಿಂದ ಅದೇ ಅಂಕಿಯಲ್ಲಿ ಮಂಜಿನ ಫೋಟೋದ ಮೂರು ನಾಲ್ಕು ಪಟ್ಟು ಭಾರ ಬರಬಹುದು. ಇಲ್ಲಿ 68ರಿಂದ 72ಕ್ಕೆ ಇಳಿಸಿದರೂ ಆ ಗಿಜಿಗಿಜಿಯಲ್ಲಿ ಕಣ್ಣಿಗೆ ತಿಳಿಯುವುದಿಲ್ಲ.

ಮೂರನೆಯದು ಕೆಂಪು. ಹಸಿರೆಲೆಯ ನಡುವಿನ ಕಾಫಿ ಹಣ್ಣು, ಕಪ್ಪು ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಮೇಲೆ ಕಟ್ಟಿದ ಕೆಂಪು ಚೇಲೆ (ಸೊಂಟಪಟ್ಟಿ) ಇವುಗಳ ಅಂಚು ಕಲೆಸಿದ ಹಾಗೆ ಕಾಣುತ್ತದೆ. ಕಾರಣ ಗುಣಮಟ್ಟದ ಅಂಕಿಯಲ್ಲ. ಜೆಪೆಗ್ ಸಾಮಾನ್ಯವಾಗಿ ಬೆಳಕನ್ನು ಪೂರ್ತಿ ಇಟ್ಟುಕೊಂಡು ಬಣ್ಣವನ್ನು ಮಾತ್ರ ಎರಡೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿಸುತ್ತದೆ. 4:2:0 ಎನ್ನುವುದು ಇದನ್ನೇ. ಗಾಢ ಕೆಂಪು ಹಸಿರಿನ ಪಕ್ಕ ಇದ್ದಾಗ ಈ ಉಳಿತಾಯ ಎದ್ದು ಕಾಣುತ್ತದೆ. ಜೆಪೆಗ್‌ಗೆ ಶಾರ್ಪ್‌ನಲ್ಲಿ 'ಕ್ರೋಮಾ ಸಬ್‌ಸ್ಯಾಂಪ್ಲಿಂಗ್' 4:4:4 ಎಂದು ಕೊಡಿ. ನಷ್ಟದ (ಲಾಸಿ) ವೆಬ್‌ಪಿಗೆ 4:2:0 ಬಿಟ್ಟು ಬೇರೆ ದಾರಿಯೇ ಇಲ್ಲ, 'ಸ್ಮಾರ್ಟ್ ಸಬ್‌ಸ್ಯಾಂಪಲ್' ಆಯ್ಕೆ ಹಾಕಿದರೆ ಅಂಚು ತಕ್ಕಮಟ್ಟಿಗೆ ಸುಧಾರಿಸುತ್ತದೆ. ಎವಿಐಎಫ್‌ಗೆ ಶಾರ್ಪ್ ತಾನಾಗಿಯೇ 4:4:4 ಇಡುತ್ತದೆ. ಹೀಗಾಗಿ ಮದುವೆ, ಪುತ್ತರಿ ಫೋಟೋಗಳ ಗ್ಯಾಲರಿಗೆ ಎವಿಐಎಫ್ ಸೇರಿಸುವುದು ಹೊತ್ತು ತಿಂದರೂ ತಕ್ಕುದೇ.

ಫೋಟೋಗೊಂದು ಅಂಕಿ ಇಡುವುದು ಹೇಗೆ ಎಂದರೆ, 'ಮಂಜು', 'ತೋಟ', 'ಉಡುಪು' ಎಂದು ಮೂರು ಉಪಫೋಲ್ಡರ್ ಮಾಡಿ, ಫೋಲ್ಡರ್ ಹೆಸರು ನೋಡಿ ಸ್ಕ್ರಿಪ್ಟ್ ಆಯ್ಕೆಗಳನ್ನು ಎತ್ತಿಕೊಳ್ಳುವಂತೆ ಬರೆಯಿರಿ. ಇದಕ್ಕಿಂತ ಜಾಣತನ ಬೇಡ.

ಕೆಲವು ಫೋಟೋ ಅಡ್ಡ ಮಲಗುತ್ತವೆ.

ಫೋನ್ ನಿಲುವಾಗಿ ಹಿಡಿದು ತೆಗೆದರೂ ಪಿಕ್ಸೆಲ್‌ಗಳು ಅಡ್ಡವಾಗಿಯೇ ದಾಖಲಾಗಿ, ತಿರುಗಿಸಿ ತೋರಿಸು ಎಂಬ ಸೂಚನೆ ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ಮಾಹಿತಿ) ಇರುತ್ತದೆ. ಶಾರ್ಪ್ ಔಟ್‌ಪುಟ್‌ನಲ್ಲಿ ಎಕ್ಸಿಫ್ ಅಳಿಸುತ್ತದೆ, ಅದರೊಂದಿಗೆ ಆ ಸೂಚನೆಯೂ ಹೋಗುತ್ತದೆ. ರೀಸೈಜ್‌ಗೆ ಮೊದಲು ರೊಟೇಟ್ ಮೆಥಡ್ ಅನ್ನು ಕೋನ ಕೊಡದೆ ಕರೆಯಿರಿ, ಸೂಚನೆಯಂತೆ ನಿಜವಾಗಿ ತಿರುಗಿಸುತ್ತದೆ.

ಎಕ್ಸಿಫ್ ಉಳಿಸಿಕೊಳ್ಳಬೇಕೇ?

ಬೇಡ. ಫೋನ್ ಫೋಟೋದ ಎಕ್ಸಿಫ್‌ನಲ್ಲಿ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಇರಬಹುದು. ಹೋಂಸ್ಟೇ ವಿಳಾಸ ಹೇಗೂ ಬಹಿರಂಗ. ತೋಟದ ಒಳಗಿನ ಒಂಟಿ ಮನೆ, ಕಾಫಿ ಒಣಗಿಸುವ ಕಣ, ಗೋದಾಮು ಇವು ಹಾಗಲ್ಲ. ಡಾಕ್ಯುಮೆಂಟ್ ಆಗಿ ತರಿಸಿಕೊಂಡ ಫೋಟೋಗಳಲ್ಲಿ ಈ ಮಾಹಿತಿ ಪೂರ್ತಿ ಇರುತ್ತದೆ. ಉದಾಹರಣೆ ಕೋಡ್ ನಕಲು ಮಾಡುವಾಗ 'ವಿತ್ ಮೆಟಾಡೇಟಾ' ಎಂಬ ಕರೆ ಸೇರಿಕೊಂಡಿದೆಯೇ ನೋಡಿ, ಇದ್ದರೆ ತೆಗೆಯಿರಿ. ಮೂಲ ಫೋಟೋಗಳಿರುವ ಗಿಟ್ ರೆಪೊಸಿಟರಿ ಸಾರ್ವಜನಿಕವಾಗಿದ್ದರೆ ಔಟ್‌ಪುಟ್‌ನಲ್ಲಿ ಅಳಿಸಿ ಪ್ರಯೋಜನವಿಲ್ಲ, ಅದೂ ಗಮನದಲ್ಲಿರಲಿ.

ಐಫೋನ್ ಫೋಟೋ ಬಂದಾಗ ಬಿಲ್ಡ್ ನಿಂತುಬಿಡುತ್ತದೆ.

ಅದು ಎಚ್‌ಇಐಸಿ ಫೈಲು. ಒಳಗೆ ಬಳಸುವ ಎಚ್‌ಇವಿಸಿ ಎಂಬ ಒತ್ತುವ ವಿಧಾನಕ್ಕೆ ಪೇಟೆಂಟ್ ಇರುವುದರಿಂದ ಎನ್‌ಪಿಎಂನಲ್ಲಿ ಸಿಗುವ ಸಿದ್ಧ ಶಾರ್ಪ್ ಅದನ್ನು ಬಿಡಿಸುವುದಿಲ್ಲ. ಎಕ್ಸ್‌ಟೆನ್ಷನ್ ಬದಲಿಸಿ ಜೆಪೆಗ್ ಎಂದು ಹೆಸರಿಟ್ಟರೂ ಅಷ್ಟೇ. ಮ್ಯಾಕ್‌ನ ಪ್ರಿವ್ಯೂನಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಮುಂದಕ್ಕೆ ಐಫೋನ್ ಸೆಟ್ಟಿಂಗ್ಸ್‌ನ ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಜೆಪೆಗ್‌ನಲ್ಲೇ ತೆಗೆಯುತ್ತದೆ.

ಪ್ರತಿ ಸಲ ಬಿಲ್ಡ್‌ಗೆ ಹತ್ತು ನಿಮಿಷ ಹಿಡಿಯುತ್ತದೆ. ಕಡಿಮೆ ಮಾಡುವುದು ಹೇಗೆ?

ಮಾಡಿದ್ದನ್ನೇ ಮತ್ತೆ ಮಾಡುತ್ತಿದೆ. ಮಾಡಿದ್ದನ್ನು ಉಳಿಸಿಡುವ ಕ್ಯಾಶ್ ಬೇಕು. ಫೈಲಿನ ದಿನಾಂಕ ನೋಡಿ ಬದಲಾಗಿದೆಯೇ ಎಂದು ತೀರ್ಮಾನಿಸಬೇಡಿ: ಗಿಟ್ ಕ್ಲೋನ್ ಮಾಡಿದಾಗ ಎಲ್ಲ ಫೈಲಿಗೂ ಆ ಕ್ಷಣದ ದಿನಾಂಕವೇ ಬೀಳುತ್ತದೆ. ಮೂಲ ಫೈಲಿನ ಬೈಟ್‌ಗಳು, ಅಗಲ, ಫಾರ್ಮ್ಯಾಟ್, ಗುಣಮಟ್ಟ, ಶಾರ್ಪ್ ಆವೃತ್ತಿ ಇಷ್ಟನ್ನೂ ಸೇರಿಸಿ ಹ್ಯಾಶ್ (ಒಂದಿಷ್ಟು ಬದಲಾದರೂ ಬೇರೆಯಾಗುವ ಗುರುತು) ತೆಗೆದು, ಅದರ ಮೊದಲ ಎಂಟು ಹತ್ತು ಅಕ್ಷರವನ್ನು ಔಟ್‌ಪುಟ್ ಹೆಸರಿಗೆ ಅಂಟಿಸಿ. ಆ ಹೆಸರಿನ ಫೈಲು ಇದ್ದರೆ ಮುಂದಕ್ಕೆ ಹೋಗು, ಇಲ್ಲದಿದ್ದರೆ ಮಾಡು. ಗುಣಮಟ್ಟ ಬದಲಿಸಿದರೂ ಹಳೆಯದೇ ಬರುತ್ತಿದೆ ಎನ್ನುವವರು ಹ್ಯಾಶ್‌ಗೆ ಆ ಅಂಕಿ ಸೇರಿಸಿರುವುದಿಲ್ಲ.

ಹ್ಯೂಗೊ ತನ್ನ ಕ್ಯಾಶನ್ನು 'ರಿಸೋರ್ಸಸ್' ಒಳಗಿನ 'ಜೆನ್' ಫೋಲ್ಡರ್‌ನಲ್ಲೂ, ಆಸ್ಟ್ರೋ ನೋಡ್ ಮಾಡ್ಯೂಲ್ಸ್ ಒಳಗಿನ ತನ್ನ ಫೋಲ್ಡರ್‌ನಲ್ಲೂ ಇಡುತ್ತವೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಬಿಲ್ಡ್ ಓಡುವ ಯಂತ್ರ ಪ್ರತಿ ಸಲವೂ ಹೊಸದು, ಆದ್ದರಿಂದ ಕ್ಯಾಶ್ ಆಕ್ಷನ್ ಬಳಸಿ ಈ ಫೋಲ್ಡರ್ ಉಳಿಸಿ. 7 ದಿನ ಯಾರೂ ಬಳಸದ ಕ್ಯಾಶ್ ಅಲ್ಲಿ ತಾನಾಗಿ ಅಳಿಯುತ್ತದೆ. ಸೀಸನ್‌ಗೊಮ್ಮೆ ಮಾತ್ರ ತಿದ್ದುವ ಸೈಟಿಗೆ ಮೊದಲ ಬಿಲ್ಡ್ ನಿಧಾನವಾದರೆ ಗಾಬರಿ ಬೇಡ.

ಇನ್ನೊಂದು: ವಿನ್ಯಾಸ ತಿದ್ದುತ್ತಾ ಕೂತಾಗ ಒಂದೇ ಅಗಲ, ಒಂದೇ ಜೆಪೆಗ್ ಸಾಕು. ಪೂರ್ತಿ ಪಟ್ಟಿ ಪ್ರೊಡಕ್ಷನ್ ಬಿಲ್ಡ್‌ಗೆ ಮಾತ್ರ.

ಮಧ್ಯದಲ್ಲಿ ಕರೆಂಟ್ ಹೋಯಿತು. ಆಮೇಲಿಂದ ಕೆಲವು ಫೋಟೋ ಅರ್ಧ ಬೂದು ಬಣ್ಣ.

ಜೂನ್‌ನಿಂದ ಆಗಸ್ಟ್‌ವರೆಗೆ ಯುಪಿಎಸ್ ಇಲ್ಲದ ಕಡೆ ಇದು ಆಗುವುದೇ. ಅರ್ಧ ಬರೆದ ಫೈಲು ಸರಿಯಾದ ಹೆಸರಿನಲ್ಲೇ ಉಳಿದಿರುತ್ತದೆ; ಫೈಲು ಇದೆಯಲ್ಲ ಎಂದು ಸ್ಕ್ರಿಪ್ಟ್ ಮುಂದಕ್ಕೆ ಹೋಗುತ್ತದೆ. ಸದ್ಯಕ್ಕೆ ಔಟ್‌ಪುಟ್ ಫೋಲ್ಡರ್ ಅಳಿಸಿ ಮತ್ತೆ ಬಿಲ್ಡ್ ಮಾಡಿ. ಶಾಶ್ವತ ಪರಿಹಾರಕ್ಕೆ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಬರೆದು ಮುಗಿದ ಮೇಲಷ್ಟೇ ನಿಜವಾದ ಹೆಸರಿಗೆ ಬದಲಿಸಿ. ತಾತ್ಕಾಲಿಕ ಫೈಲು ಅದೇ ಡಿಸ್ಕ್‌ನಲ್ಲಿ ಇರಬೇಕು. ಬೇರೆ ಡ್ರೈವ್ ಆದರೆ ಹೆಸರು ಬದಲಿಸುವುದು ಮತ್ತೆ ನಕಲು ಮಾಡುವ ಕೆಲಸವೇ ಆಗುತ್ತದೆ.

ಮೆಮೊರಿ ಸಾಲದೆ ಬಿಲ್ಡ್ ಸಾಯುತ್ತದೆ.

ಎಲ್ಲ ಫೋಟೋಗಳನ್ನೂ ಒಟ್ಟಿಗೇ 'ಪ್ರಾಮಿಸ್ ಆಲ್'ಗೆ ಕೊಟ್ಟಿರುತ್ತೀರಿ. ಒಂದು ಸಲಕ್ಕೆ ನಾಲ್ಕು ಫೈಲಿನಂತೆ ಬಿಡಿ. ಶಾರ್ಪ್ ಹೆಚ್ಚಿನ ಯಂತ್ರಗಳಲ್ಲಿ ಒಂದೊಂದು ಫೋಟೋವನ್ನೂ ಹಲವು ಕೋರ್‌ಗಳಲ್ಲಿ ಹಂಚಿಕೊಂಡೇ ಮಾಡುತ್ತದೆ, ಹೀಗಾಗಿ ವೇಗ ಅಷ್ಟೇನೂ ಕಡಿಮೆಯಾಗದು.

ಮೂಲ ಫೋಟೋಗಳೇ 600 ಎಂಬಿ. ಗಿಟ್‌ಗೆ ಹಾಕುವುದೇ?

ಸೆಕೆಂಡಿಗೆ 2 ಮೆಗಾಬಿಟ್ ಅಪ್‌ಲೋಡ್ ಸಿಗುವ ಕಡೆ 600 ಎಂಬಿ ಏರಲು 40 ನಿಮಿಷ, ಅದೂ ನಡುವೆ ಕಡಿಯದಿದ್ದರೆ. ಗಿಟ್‌ನಲ್ಲಿ ಫೋಟೋ ಅಳಿಸಿದರೂ ಇತಿಹಾಸದಲ್ಲಿ ಉಳಿದುಕೊಂಡು ರೆಪೊಸಿಟರಿ ಊದುತ್ತಲೇ ಹೋಗುತ್ತದೆ. ಮಧ್ಯದ ದಾರಿ: ಕ್ಯಾಮೆರಾದಿಂದ ಬಂದದ್ದು ಹಾರ್ಡ್ ಡಿಸ್ಕ್‌ನಲ್ಲಿ, ಎರಡು ಪ್ರತಿ. ಅದರಿಂದ ಉದ್ದದ ಬದಿ 2560 ಪಿಕ್ಸೆಲ್, ಗುಣಮಟ್ಟ 90ರ ಜೆಪೆಗ್ ಒಂದು ಸಲ ಮಾಡಿ ಅದನ್ನೇ ಮೂಲ ಎಂದು ಗಿಟ್‌ಗೆ ಹಾಕಿ. ತಲಾ 1ರಿಂದ 2 ಎಂಬಿ ಬರುತ್ತದೆ. ಈ ಹಂತದಲ್ಲೇ ಎಕ್ಸಿಫ್ ಅಳಿಸಿ, ತಿರುಗಿಸಿ, ಬಣ್ಣವನ್ನು ವೆಬ್‌ನ ಮಾಮೂಲು ಬಣ್ಣಪದ್ಧತಿಯಾದ ಎಸ್‌ಆರ್‌ಜಿಬಿಗೆ ತಂದುಬಿಟ್ಟರೆ ಮುಂದಿನ ತಲೆನೋವು ಅರ್ಧ ಇಳಿಯುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ, ಸರ್ವರ್‌ನಲ್ಲಿ ಬಿಲ್ಡ್ ತಪ್ಪುತ್ತದೆ.

ಮೂರು ಕಾರಣ ನೋಡಿ. ವಿಂಡೋಸ್‌ನ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ ಲಿನಕ್ಸ್‌ಗೆ ನಕಲಿಸಿದ್ದರೆ ಶಾರ್ಪ್ ಓಡುವುದಿಲ್ಲ, ಅದರ ಬೈನರಿ ಆಯಾ ಯಂತ್ರಕ್ಕೇ ಸೇರಿದ್ದು. ಅಲ್ಲೇ ಇನ್‌ಸ್ಟಾಲ್ ಮಾಡಿ. ಎರಡನೆಯದಾಗಿ, ವಿಂಡೋಸ್‌ಗೆ ಎಕ್ಸ್‌ಟೆನ್ಷನ್‌ನ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಕ್ಯಾಮೆರಾ ದೊಡ್ಡಕ್ಷರದಲ್ಲಿ ಹೆಸರಿಡುತ್ತದೆ, ನೀವು ಚಿಕ್ಕಕ್ಷರದಲ್ಲಿ ಹುಡುಕುತ್ತೀರಿ.

ಮೂರನೆಯದು ಕನ್ನಡ ಹೆಸರಿನ ಫೈಲು. ಓಡುತ್ತದೆ, ಆದರೆ ಒಂದೊಂದು ಕನ್ನಡ ಕೋಡ್‌ಪಾಯಿಂಟ್‌ಗೂ 3 ಬೈಟ್ ಬೇಕು, ಗುಣಿತ, ಒತ್ತು ಬೇರೆ ಬೇರೆ ಎಣಿಕೆಯಾಗುತ್ತವೆ. ಲಿನಕ್ಸ್‌ನಲ್ಲಿ ಹೆಸರಿನ ಮಿತಿ 255 ಬೈಟ್. ಜೊತೆಗೆ 'ಕೊ', 'ಕೋ' ಇಂಥ ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಬಿಡಿಸಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಫೈಲು. ಫೈಲಿಗೆ ಇಂಗ್ಲಿಷ್ ಚಿಕ್ಕಕ್ಷರದ ಹೆಸರಿಟ್ಟು, ಕನ್ನಡವನ್ನು ಆಲ್ಟ್ ಪಠ್ಯದಲ್ಲಿ ಧಾರಾಳವಾಗಿ ಬರೆಯಿರಿ.

ಪುಟ ತೆರೆದಾಗ ಅಕ್ಷರಗಳು ಕೆಳಕ್ಕೆ ಹಾರುತ್ತವೆ.

ಟ್ಯಾಗ್‌ನಲ್ಲಿ ವಿಡ್ತ್, ಹೈಟ್ ಬರೆಯಿರಿ. ಸ್ಕ್ರಿಪ್ಟ್‌ಗೆ ಎರಡೂ ಗೊತ್ತಿರುತ್ತವೆ. ಸಿಎಸ್‌ಎಸ್‌ನಲ್ಲಿ ಎತ್ತರ 'ಆಟೊ' ಇರಲಿ. ಲೋಡಿಂಗ್ 'ಲೇಜಿ' ಎಂಬುದನ್ನು ಕೆಳಗಿನ ಫೋಟೋಗಳಿಗೆ ಮಾತ್ರ ಹಾಕಿ. ತೆರೆದೊಡನೆ ಕಾಣುವ ಮೊದಲ ಫೋಟೋಗೂ ಹಾಕಿದರೆ ಅದೇ ತಡವಾಗುತ್ತದೆ.

ಲೋಗೊ, ದರಪಟ್ಟಿ ಇವನ್ನೂ ಇದೇ ಸ್ಕ್ರಿಪ್ಟ್‌ಗೆ ಕೊಡಬಹುದೇ?

ಎಸ್‌ವಿಜಿ ಲೋಗೊ ಮುಟ್ಟಬೇಡಿ. ದರಪಟ್ಟಿಯನ್ನು ಫೋಟೋ ಮಾಡುವುದೇ ಬೇಡ, ಎಚ್‌ಟಿಎಂಎಲ್ ಕೋಷ್ಟಕ ಮಾಡಿ. ಮಾಲೀಕರು ಒಪ್ಪದಿದ್ದರೆ ಪಿಎನ್‌ಜಿ ಅಥವಾ ನಷ್ಟವಿಲ್ಲದ ವೆಬ್‌ಪಿ. ಜೆಪೆಗ್‌ನಲ್ಲಿ ಒತ್ತಕ್ಷರಗಳ ಸುತ್ತ ಕೊಳೆ ಕಟ್ಟುತ್ತದೆ. ಚಲಿಸುವ ಗಿಫ್ ಕೊಟ್ಟರೆ ಶಾರ್ಪ್ ಮೊದಲ ಚೌಕಟ್ಟನ್ನಷ್ಟೇ ಓದುತ್ತದೆ. ಓದುವಾಗಲೇ 'ಆನಿಮೇಟೆಡ್' ಎಂದು ಹೇಳಬೇಕು.

ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದರೆ ಚಿತ್ರ ಬರುವುದಿಲ್ಲ.

ಅದಕ್ಕೆ ಬೇರೆಯೇ ಒಂದು ಫೈಲು ಮಾಡಿಸಿ: 1200×630, ಜೆಪೆಗ್, 300 ಕೆಬಿ ಒಳಗೆ. ಲಿಂಕ್ ಜೊತೆ ತೋರಿಸಬೇಕಾದ ಚಿತ್ರ ಹೇಳುವ ಓಪನ್ ಗ್ರಾಫ್ ಇಮೇಜ್ ಟ್ಯಾಗ್‌ನಲ್ಲಿ ಡೊಮೇನ್ ಸಮೇತ ಪೂರ್ತಿ ವಿಳಾಸ ಇರಬೇಕು. ಈ ಒಂದು ಫೈಲಿನ ಹೆಸರಿಗೆ ಹ್ಯಾಶ್ ಅಂಟಿಸಬೇಡಿ. ಮುಂದಿನ ಬಿಲ್ಡ್‌ನಲ್ಲಿ ಹೆಸರು ಬದಲಾಗಿ ಹಳೆಯದು ಅಳಿದರೆ, ಹಳೆಯ ಪುಟವನ್ನು ನೆನಪಿಟ್ಟುಕೊಂಡ ಕಡೆಗಳಲ್ಲಿ ಚಿತ್ರದ ಜಾಗ ಖಾಲಿ ಬೀಳುತ್ತದೆ.